ಮಹಾನವಮಿಯ ಚೌಪದವೂ ಊರ ಮಠವೂ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಶಾಲಾಜೀವನದ ಒಂದು ವಿಚಾರ

ನಮ್ಮ ನಾಡಿನ ಪ್ರಾಥಮಿಕ ಶಿಕ್ಷಣದ ಇತಿಹಾಸವನ್ನು ಬರೆಯ ಹೊರಟವರು ಸಾಮಾನ್ಯವಾಗಿ ಸರ್ಕಾರದ ಕಾಯಿದೆಗಳನ್ನೂ ವಾರ್ಷಿಕ ವರದಿಗಳನ್ನೂ ಮುಂದಿಟ್ಟುಕೊಳ್ಳುತ್ತಾರೆ. ಆ ಮಾರ್ಗ ಅವಶ್ಯವಾದುದೇ. ಆದರೆ ಆ ಮಾರ್ಗದಲ್ಲಿ ನಡೆದವನಿಗೆ ಶಾಲೆಯ ಕಟ್ಟಡ ಕಾಣುತ್ತದೆ, ಅದರ ಬಾಗಿಲು ತೆರೆದಿದ್ದ ದಿನಗಳ ಲೆಕ್ಕವೂ ಸಿಕ್ಕುತ್ತದೆ. ಆ ಬಾಗಿಲಿನ ಮುಂದೆ ನಿಂತಿದ್ದ ಊರು ಮಾತ್ರ ಕಾಣುವುದಿಲ್ಲ. ಊರಿಗೂ ಶಾಲೆಗೂ ಇದ್ದ ಕೊಡುಕೊಳೆ ಎಂತಹುದು, ಉಪಾಧ್ಯಾಯನನ್ನು ಸಾಕಿದವರು ಯಾರು, ಸಾಕಿದವರು ಅದಕ್ಕೆ ಪ್ರತಿಯಾಗಿ ಏನನ್ನು ಕೇಳಿದರು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಶಾಲೆಯ ವರ್ಷದಲ್ಲಿ ಒಂದು ಋತುವನ್ನು ಮಾತ್ರ ಆರಿಸಿಕೊಂಡಿದ್ದೇವೆ. ಅದು ಶರದೃತು, ಮಹಾಲಯ ಅಮಾವಾಸ್ಯೆಯಿಂದ ದೀಪಾವಳಿಯವರೆಗಿನ ಕಾಲ. ಊರ ಶಾಲೆಯು ತನ್ನ ಜಗುಲಿಯಿಂದಿಳಿದು ಮನೆಮನೆಯ ಅಂಗಳಕ್ಕೆ ಹೋಗುತ್ತಿದ್ದ ಕಾಲವೂ ಅದೇ. ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಮೂರು ಸ್ಥಳಗಳನ್ನು ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳುವುದು ಯುಕ್ತ.

ಈ ಮೂರೂ ಇಂದು ಚಾಮರಾಜನಗರ ಜಿಲ್ಲೆಗೆ ಸೇರಿವೆ. ಆ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ; ಹನೂರು ಕೊಳ್ಳೇಗಾಲದಿಂದ ಬೇರ್ಪಟ್ಟು ತಾನೇ ಒಂದು ತಾಲ್ಲೂಕಾದುದು ಇನ್ನೂ ಈಚಿನ ಮಾತು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಅರ್ಧ ದಿನದ ನಡಿಗೆ. ಯಳಂದೂರಿನ ಪಕ್ಕದಲ್ಲಿ ಹರಿಯುವ ಸುವರ್ಣಾವತಿ ಮುಂದೆ ಹೋಗಿ ಕಾವೇರಿಯನ್ನು ಸೇರುತ್ತದೆ. ಎರಡು ಊರುಗಳ ಮಾತು ಒಂದೇ, ರಾಗಿಯ ಹೊಲ ಒಂದೇ, ಮಾದಪ್ಪನ ಹೆಸರಿನಲ್ಲಿ ಕಟ್ಟುವ ಹರಕೆಯೂ ಒಂದೇ. ಆದರೂ ಒಂದೂವರೆ ಶತಮಾನಕ್ಕೂ ಮೀರಿ ಇವುಗಳ ನಡುವೆ ಒಂದು ಗಡಿ ಇತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೊಳ್ಳೇಗಾಲದ ಸೀಮೆ ಕಂಪನಿಯ ವಶವಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರೂ ಬೆಟ್ಟದ ಹಳ್ಳಿಗಳೂ ಅದರೊಡನೆ ಹೋದವು. ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. ೧೮೦೭ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟರು. ಕೊಯಮತ್ತೂರು ಜಿಲ್ಲೆಯ ಬಹುಭಾಗ ಘಟ್ಟದ ಕೆಳಗಿನದು, ತಮಿಳು ನಾಡು. ಕೊಳ್ಳೇಗಾಲವಾದರೋ ಘಟ್ಟದ ಮೇಲಿನ ಕನ್ನಡ ನೆಲ. ಜಿಲ್ಲೆಯ ಮುಖ್ಯಸ್ಥಳಕ್ಕೆ ಹೋಗಬೇಕಾದವನು ಕಾಡನ್ನೂ ಕಣಿವೆಯನ್ನೂ ದಾಟಿ ಇಳಿಯಬೇಕಾಗಿತ್ತು. ಹೀಗೆ ಒಂದೇ ಬಗೆಯ ಊರ ಶಾಲೆ ಎರಡು ಸರ್ಕಾರಗಳ ಕೈಯಲ್ಲಿ ಏನೇನಾಯಿತೆಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಇಷ್ಟು ಅನುಕೂಲವಾದ ಎಡೆ ಬೇರೊಂದು ಸಿಕ್ಕುವುದು ಕಷ್ಟ.

ಸರ್ಕಾರದ ಶಾಲೆಗಳು ಬರುವ ಮೊದಲು ಇಲ್ಲಿದ್ದುದು ಮಠ. ಧಾರ್ಮಿಕ ಮಠದಿಂದ ಬೇರೆಯಾಗಿ ತೋರುವುದಕ್ಕೆ ಅದನ್ನು ಕೂಲಿಮಠವೆಂದು ಕರೆಯುವುದೂ ಉಂಟು. ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಆ ಹೆಸರು. ಅದರ ಉಪಾಧ್ಯಾಯ ‘ಅಯ್ಯನವರು’. ಮಠಕ್ಕೆ ಸ್ವಂತ ಕಟ್ಟಡವಿರುತ್ತಿದ್ದುದು ಅಪೂರ್ವ. ಯಾರದೋ ಮನೆಯ ಜಗುಲಿ, ಗುಡಿಯ ಕೈಸಾಲೆ, ಚಾವಡಿ, ಇವೇ ಸ್ಥಾನಗಳು.

ಈ ಮಠಗಳ ವಿಷಯದಲ್ಲಿ ನಮಗೆ ದೊರೆಯುವ ಮೊದಲ ವ್ಯವಸ್ಥಿತ ಲೆಕ್ಕ ಮದರಾಸಿನ ಗೌರ್ನರಾಗಿದ್ದ ಥಾಮಸ್ ಮನ್ರೋ ಮಾಡಿಸಿದ್ದು. ೧೮೨೨ರ ಜೂನಿನಲ್ಲಿ ಅವನು ಎಲ್ಲ ಕಲೆಕ್ಟರುಗಳಿಂದಲೂ ದೇಶೀಯ ಶಾಲೆಗಳ ವಿವರವನ್ನು ಕೇಳಿದನು. ೧೮೨೬ರಲ್ಲಿ ಅವನು ಬರೆದ ಟಿಪ್ಪಣಿಯ ಪ್ರಕಾರ ಇಡೀ ಆಧಿಪತ್ಯದಲ್ಲಿ ೧೨,೪೯೮ ಶಾಲೆಗಳಿದ್ದವು. ಜನಸಂಖ್ಯೆಯ ಸಾವಿರಕ್ಕೆ ಸುಮಾರು ಒಂದು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ತನ್ನ ಜಿಲ್ಲೆಯ ಮಟ್ಟಿಗೆ ೭೬೩ ಶಾಲೆಗಳನ್ನೂ ೮,೨೦೬ ವಿದ್ಯಾರ್ಥಿಗಳನ್ನೂ ಲೆಕ್ಕಕ್ಕೆ ತಂದನು. ಕೊಳ್ಳೇಗಾಲವೂ ಆ ಜಿಲ್ಲೆಯ ತಾಲ್ಲೂಕಾಗಿದ್ದಿತು. ಭಾಗಿಸಿ ನೋಡಿದರೆ ಶಾಲೆಯೊಂದಕ್ಕೆ ಹತ್ತು ಹನ್ನೊಂದು ಮಕ್ಕಳು. ಈ ಸಣ್ಣ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಹತ್ತು ಮಕ್ಕಳ ಕೂಲಿಯಿಂದ ಒಬ್ಬ ಅಯ್ಯನವರ ಸಂಸಾರ ನಡೆಯಬೇಕಾಗಿತ್ತು.

ಸಲಿವನ್ನನ ವರದಿ ಬಹುಮಟ್ಟಿಗೆ ಅಂಕಿಗಳದು. ಮಠದ ಒಳಗಿನ ನಡವಳಿಕೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಅದೇ ಆಧಿಪತ್ಯದ ಮತ್ತೊಂದು ಕನ್ನಡ ಜಿಲ್ಲೆಯಾದ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್. ಅವನ ವರದಿ ೧೮೨೩ರ ಆಗಸ್ಟಿನದು. ಮಗುವಿಗೆ ಐದು ವರ್ಷ ತುಂಬಿದಾಗ ಒಳ್ಳೆಯ ದಿನವನ್ನು ನೋಡಿ ತಂದೆತಾಯಿಗಳು ಉಪಾಧ್ಯಾಯನನ್ನೂ ಮಠದ ಎಲ್ಲ ಹುಡುಗರನ್ನೂ ತಮ್ಮ ಮನೆಗೆ ಕರೆಯುತ್ತಿದ್ದರೆಂದು ಅವನು ಹೇಳುತ್ತಾನೆ. ಗಣೇಶನ ಮೂರ್ತಿಯ ಸುತ್ತ ಎಲ್ಲರೂ ಕುಳಿತು, ಹೊಸ ಮಗುವಿನ ಕೈ ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಸಿ, ಶಕ್ತ್ಯನುಸಾರ ಕೊಟ್ಟ ಕಾಣಿಕೆಯನ್ನು ಪಡೆದು ಉಪಾಧ್ಯಾಯನು ಹಿಂದಿರುಗುತ್ತಿದ್ದನು. ಮಗು ಮಠಕ್ಕೆ ಕಾಲಿಡುವುದು ಮರುದಿನ. ಅಂದರೆ ಮಗು ಮಠಕ್ಕೆ ಹೋಗುವ ಮುನ್ನ ಮಠವೇ ಮಗುವಿನ ಮನೆಗೆ ಬರುತ್ತಿತ್ತು. ಬೆಳಗ್ಗೆ ಆರು ಗಂಟೆಗೆ ಮಠ ಆರಂಭ. ಮೊದಲು ಬಂದವನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರು. ಎರಡನೆಯವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲವೆಂಬುದಕ್ಕೆ ಒಂದು ಸೊನ್ನೆ. ಮೂರನೆಯವನಿಂದ ಮುಂದೆ ಬೆತ್ತದ ಏಟಿನ ಎಣಿಕೆ. ಬರೆಯುವುದಕ್ಕೆ ಕಡತ, ಬಳಪ, ಓಲೆ. ಈ ವಿವರಗಳನ್ನು ಓದಿದಾಗ ನಮ್ಮ ಹಿಂದಿನ ತಲೆಮಾರಿನವರು ಹೇಳುತ್ತಿದ್ದ ಮಠದ ಕಥೆಗಳು ನೆನಪಾಗದೆ ಇರವು. ಕೋದಂಡದ ಶಿಕ್ಷೆಯ ಮಾತನ್ನು ಕೇಳಿ ಬೆವರಿದವರಲ್ಲಿ ನಾವೂ ಸೇರಿದ್ದೇವೆ.

ಕ್ಯಾಂಬೆಲ್ಲನು ಮತ್ತೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹಿಂದೆ ಮಠಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ತನ್ನ ಕಾಲಕ್ಕೆ ಅವು ಇಲ್ಲವಾಗಿದ್ದವು. ಅದಕ್ಕೆ ನಾಡಿನ ಬಡತನ ಕಾರಣ. ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೆಯ್ಗೆಯವರ ಕೈ ಬರಿದಾದುದು ಆ ಬಡತನಕ್ಕೆ ಒಂದು ಕಾರಣ. ಮಗ್ಗ ನಿಂತರೆ ಮಠ ನಿಲ್ಲುತ್ತದೆ ಎಂಬುದನ್ನು ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡಂತಾಯಿತು. ಕೊಳ್ಳೇಗಾಲದಂತಹ ನೆಯ್ಗೆಯ ಊರಿನ ಸಂಬಂಧದಲ್ಲಿ ಈ ಮಾತು ವಿಶೇಷವಾಗಿ ಗಮನಾರ್ಹವಾಗಿದೆ.

ಇನ್ನು ಶರದೃತುವಿನ ವಿಷಯ. ಈ ಸೀಮೆಗೆ ಹಿಂಗಾರೇ ಮುಖ್ಯವಾದ ಆಸರೆ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಬಿದ್ದರೆ ಹೊಲದಲ್ಲಿ ರಾಗಿ ತೆನೆ ಕಟ್ಟುತ್ತದೆ. ನವರಾತ್ರಿ ಬರುವುದು ಹಸ್ತ ಚಿತ್ತೆಗಳ ನಡುವೆ. ಕಳೆ ತೆಗೆಯುವ ಕೆಲಸ ಮುಗಿದಿರುತ್ತದೆ, ಕೊಯ್ಲು ಇನ್ನೂ ತಿಂಗಳಾಚೆ. ಒಕ್ಕಲು ಮಕ್ಕಳಿಗೆ ವರ್ಷದಲ್ಲಿ ಬಿಡುವು ಸಿಕ್ಕುವ ದಿನಗಳಲ್ಲಿ ಇವೂ ಸೇರಿವೆ. ಆದುದರಿಂದ ಮಠದಲ್ಲಿ ಮಕ್ಕಳು ತುಂಬಿರುತ್ತಿದ್ದ ಕಾಲದಲ್ಲಿಯೇ ಹಬ್ಬವೂ ಬರುತ್ತಿತ್ತು.

ಹಬ್ಬಕ್ಕೆ ಹಲವು ದಿನ ಮುಂಚೆಯೇ ಪಾಠ ಹಿಂದೆ ಸರಿದು ಚೌಪದದ ಅಭ್ಯಾಸ ಮೊದಲಾಗುತ್ತಿತ್ತು. ಚೌಪದವೆಂದರೆ ನಾಲ್ಕು ಪಾದದ ಪದ್ಯ. ಜನರ ಬಾಯಲ್ಲಿ ಮಹಾನವಮಿ ‘ಮಾರ್ನಾಮಿ’ಯಾಗಿ, ಈ ಹಾಡು ‘ಮಾರ್ನಾಮಿ ಚೌಪದ’ವಾಯಿತು. ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇದು ಪ್ರಸಿದ್ಧವಾಗಿದ್ದ ಸಂಪ್ರದಾಯ. ನವರಾತ್ರಿಯ ದಿನಗಳಲ್ಲಿ ಹುಡುಗರು ಮಡಿಬಟ್ಟೆ ಉಟ್ಟು, ಕೈಯಲ್ಲಿ ಕೋಲು ಹಿಡಿದು, ಅಯ್ಯನವರನ್ನು ಮುಂದಿಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದರು. ಅಂಗಳದಲ್ಲಿ ನಿಂತು ಗಣಪತಿಯನ್ನೂ ಶಾರದೆಯನ್ನೂ ಸ್ತುತಿಸಿ, ಕೋಲು ಹುಯ್ಯುತ್ತ ಹಾಡಿ, ಮನೆಯ ಯಜಮಾನನಿಗೂ ಅವನ ಮಕ್ಕಳಿಗೂ ಪೈರಿಗೂ ಹಟ್ಟಿಯ ದನಕ್ಕೂ ಒಳ್ಳೆಯದಾಗಲೆಂದು ಹರಸಿ ನಿಲ್ಲಿಸುತ್ತಿದ್ದರು. ಯಜಮಾನನು ಅಯ್ಯನವರಿಗೆ ದುಡ್ಡನ್ನೋ ಪಂಚೆಯನ್ನೋ ಕೊಡುತ್ತಿದ್ದನು. ಮನೆಯಾಕೆ ಹುಡುಗರಿಗೆ ಕಡಲೆಪುರಿ, ಬೆಲ್ಲ, ಕೊಬ್ಬರಿಗಳನ್ನು ಹಂಚುತ್ತಿದ್ದಳು. ಸರಸ್ವತೀ ಪೂಜೆಯ ದಿನ ಕಡತ ಓಲೆಗಳನ್ನು ಪೂಜೆಗೆ ಇಟ್ಟರೆ ವಿಜಯದಶಮಿಯವರೆಗೆ ಓದುವಂತಿರಲಿಲ್ಲ. ಹುಡುಗರಿಗೆ ಈ ನಿಷೇಧ ಎಷ್ಟು ಪ್ರಿಯವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಿಜಯದಶಮಿಯ ದಿನ ಪುಸ್ತಕವನ್ನು ಎತ್ತಿ ಓದಿದ ಶಾಸ್ತ್ರವಾದ ಮೇಲೆ ಹೊಸ ಮಕ್ಕಳ ಅಕ್ಷರಾಭ್ಯಾಸ.

ಇದೇ ಬಗೆಯ ಆಚಾರ ನಮ್ಮ ನೆರೆಹೊರೆಯಲ್ಲಿಯೂ ಉಂಟು. ಕುಂದಾಪುರದ ಕಡೆಯ ಹೂವಿನಕೋಲು ಎಂಬ ಯಕ್ಷಗಾನದ ಪ್ರಕಾರದಲ್ಲಿ ನವರಾತ್ರಿಯಲ್ಲಿಯೇ ಬಾಲಕರನ್ನು ಕರೆದುಕೊಂಡು ಮನೆಮನೆಗೆ ಹೋಗುವ ಪದ್ಧತಿ. ಅದರ ಮೂಲವನ್ನು ಐಗಳ ಮಠಕ್ಕೆ ಸೇರಿಸಿ ಹೇಳುವುದುಂಟು. ಆಂಧ್ರದೇಶದಲ್ಲಿ ಹುಡುಗರು ಬಣ್ಣದ ಬಿಲ್ಲುಗಳನ್ನು ಹಿಡಿದು ತಮ್ಮ ಅಯ್ಯವಾರರೊಡನೆ ದಸರೆಯಲ್ಲಿ ತಿರುಗುತ್ತಿದ್ದರು. ಗುರುವಿಗೆ ಹಣ, ಶಿಷ್ಯರಿಗೆ ತಿಂಡಿ ಎಂಬ ಹಂಚಿಕೆ ಅಲ್ಲಿಯೂ ಇದ್ದಿತು. ಹೀಗಿರುವಾಗ ಚೌಪದವನ್ನು ಒಂದು ಊರಿನ ವಿನೋದವೆಂದು ತಳ್ಳಿಬಿಡುವುದಕ್ಕೆ ಬರುವುದಿಲ್ಲ. ದಕ್ಷಿಣದ ಊರ ಮಠಗಳ ಜೀವನಕ್ರಮದಲ್ಲಿಯೇ ಅದಕ್ಕೊಂದು ಸ್ಥಾನವಿದ್ದಿರಬೇಕು.

ಆ ಸ್ಥಾನ ಯಾವುದು? ಜಾನಪದವನ್ನು ಸಂಗ್ರಹಿಸುವವರು ಚೌಪದವನ್ನು ಹಾಡೆಂದು ಕಂಡಿದ್ದಾರೆ. ನಮಗೆ ಅದು ಹಾಡಿನ ರೂಪದಲ್ಲಿದ್ದ ಲೆಕ್ಕಪತ್ರದಂತೆ ತೋರುತ್ತದೆ. ಅಯ್ಯನವರಿಗೆ ತಿಂಗಳ ಕೂಲಿ ಬರುತ್ತಿದ್ದುದು ಮಕ್ಕಳನ್ನು ಕಳುಹಿಸುತ್ತಿದ್ದ ಹತ್ತು ಮನೆಗಳಿಂದ ಮಾತ್ರ. ಮಾರ್ನಾಮಿಯಲ್ಲಿ ಮಕ್ಕಳಿಲ್ಲದ ಮನೆಯೂ ಮಕ್ಕಳನ್ನು ಕಳುಹಿಸದ ಮನೆಯೂ ಕೈಯೆತ್ತಿ ಏನಾದರೂ ಕೊಡುತ್ತಿತ್ತು. ಮಠವು ಹತ್ತು ಮನೆಗಳ ಸ್ವತ್ತಾಗದೆ ಊರಿನ ಸ್ವತ್ತಾಗುತ್ತಿದ್ದುದು ವರ್ಷದ ಆ ಕೆಲವು ದಿನಗಳಲ್ಲಿ. ಇದಕ್ಕೆ ಪ್ರತಿಯಾಗಿ ಊರಿಗೆ ಸಿಕ್ಕುತ್ತಿದ್ದುದೇನು? ಮಕ್ಕಳ ಬಾಯಿ. ಅಂಗಳದಲ್ಲಿ ನಿಂತು ಹಾಡುವ ಹುಡುಗನ ಉಚ್ಚಾರ ಶುದ್ಧವಾಗಿದೆಯೆ, ಕಂಠಪಾಠ ತಪ್ಪಿಲ್ಲದೆ ಬರುತ್ತದೆಯೆ, ಕೋಲಿನ ಲೆಕ್ಕ ಕೂಡುತ್ತದೆಯೆ ಎಂಬುದನ್ನು ಓದುಬರಹ ಬಾರದ ಅಜ್ಜಿಯೂ ನಿರ್ಣಯಿಸಬಲ್ಲಳಾಗಿದ್ದಳು. ಚೌಪದವು ಊರೇ ನಡೆಸುತ್ತಿದ್ದ ವಾರ್ಷಿಕ ಪರೀಕ್ಷೆ. ಅದರಲ್ಲಿ ಉತ್ತರ ಹೇಳುವವರು ಶಿಷ್ಯರು, ಫಲ ಹೊರಬೀಳುತ್ತಿದ್ದುದು ಗುರುವಿನ ಮಡಿಲಿಗೆ.

ಈ ಚಿತ್ರವನ್ನು ಇಲ್ಲಿಗೇ ಬಿಟ್ಟರೆ ಅದು ಅಸತ್ಯವಾದೀತು. ‘ಊರು’ ಎಂದೆವು; ಆ ಊರಿಗೆ ಎಲ್ಲೆಗಳಿದ್ದವು. ಮಠದ ಜಗುಲಿಯನ್ನು ಹತ್ತಲಾಗದ ಮಕ್ಕಳ ಕೇರಿಗೆ ಚೌಪದವೂ ಹೋಗುತ್ತಿರಲಿಲ್ಲ. ಈ ಸೀಮೆಯ ಜನರಲ್ಲಿ ದೊಡ್ಡ ಪಾಲು ಅಂತಹ ಕೇರಿಗಳಲ್ಲಿದ್ದಿತೆಂಬುದನ್ನು ಮರೆಯಬಾರದು. ಮಂಟೇಸ್ವಾಮಿ ಮಾದೇಶ್ವರರ ದೀರ್ಘ ಕಾವ್ಯಗಳನ್ನು ಬಾಯಲ್ಲಿಯೇ ಉಳಿಸಿಕೊಂಡು ಬಂದ ನೀಲಗಾರರೂ ದೇವರಗುಡ್ಡರೂ ಇದೇ ಸೀಮೆಯವರು. ಇರುಳೆಲ್ಲ ಹಾಡಬಲ್ಲ ಕಂಠಪಾಠ ಅವರಲ್ಲಿದ್ದಿತು. ಅದಕ್ಕೆ ಮಠದ ಹಂಗಿರಲಿಲ್ಲ, ಮಠಕ್ಕೆ ಅದರ ಅರಿವೂ ಇರಲಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಶರದೃತುವೆಂದರೆ ಮನೆಯೊಳಗಿನ ಬೊಂಬೆಯ ಹಬ್ಬ. ಬೊಂಬೆ ಕೂರಿಸುವುದು, ಸಂಜೆ ಆರತಿ, ನೆರೆಮನೆಗೆ ಹೋಗಿ ಚರ್ಪು ಪಡೆಯುವುದು. ಕೋಲು ಹಿಡಿದು ಬೀದಿಗೆ ಬರುತ್ತಿದ್ದವರು ಗಂಡುಹುಡುಗರು. ಚಿಕದೇವರಾಜರ ಅರಮನೆಯಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮ ಯಳಂದೂರಿನವಳೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವಳ ಊರಿನಲ್ಲಿಯೂ ಎರಡು ಶತಮಾನಗಳ ಕಾಲ ಮಠದ ಜಗುಲಿಯಲ್ಲಿ ಹೆಣ್ಣುಮಗು ಕುಳಿತುಕೊಳ್ಳುವುದು ವಾಡಿಕೆಯಾಗಿರಲಿಲ್ಲ.

ಸಂಬಳದ ಉಪಾಧ್ಯಾಯನು ಬಂದುದರಿಂದ ಈ ಎರಡೂ ಬಗೆಯ ಕಟ್ಟುಗಳು ಸಡಿಲವಾದವು. ಊರಿಗೂ ಗುರುವಿಗೂ ಇದ್ದ ನಂಟೂ ಹೋಯಿತು, ಜಗುಲಿಯ ಎಲ್ಲೆಯೂ ಅಲ್ಲಾಡಿತು. ಆದರೆ ಗಡಿಯ ಎರಡು ಕಡೆ ಅದು ಬಂದ ಬಗೆ ಬೇರೆ ಬೇರೆ.

ಮೈಸೂರಿನ ಕಡೆ ಲೂಯಿ ರೈಸ್ ಯೋಜಿಸಿದ ಹೋಬಳಿ ಶಾಲೆಗಳು ೧೮೬೮ರಿಂದ ಮೊದಲಾದವು. ಹಳೆಯ ಮಠಗಳ ಉಪಾಧ್ಯಾಯರಿಗೇ ತರಬೇತು ಕೊಟ್ಟು ಸರ್ಕಾರದ ಸಂಬಳಕ್ಕೆ ತರುವುದು ಆ ಯೋಜನೆಯ ಒಂದು ಅಂಶ. ಬಳಿಕ ೧೯೧೩ರ ಪ್ರಾಥಮಿಕ ಶಿಕ್ಷಣ ಕಾನೂನು. ೧೯೩೦ರಲ್ಲಿ ಶಾಲೆಗಳು ಸ್ಥಳೀಯ ಸಂಸ್ಥೆಗಳ ಕೈಗೆ. ೧೯೪೧ರಲ್ಲಿ ಮತ್ತೆ ಸರ್ಕಾರದ ಕೈಗೆ. ಸರ್ಕಾರದ ಶಾಲೆಗಳ ಬಾಗಿಲನ್ನು ಪಂಚಮರ ಮಕ್ಕಳಿಗೂ ತೆರೆಯಬೇಕೆಂಬ ಆಜ್ಞೆ ೧೯೧೫ರದು. ಕೊಳ್ಳೇಗಾಲದ ಕಡೆ ಮದರಾಸು ಸರ್ಕಾರ ಬೇರೊಂದು ಹಾದಿಯನ್ನು ಹಿಡಿಯಿತು. ಅದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಖಾಸಗಿ ಮಠಗಳನ್ನು ಉಳಿಸಿಕೊಂಡೇ ಸಹಾಯಧನವನ್ನು ಕೊಟ್ಟಿತು. ಆ ಧನಕ್ಕೆ ಪರೀಕ್ಷೆಯ ಫಲಿತಾಂಶವೇ ಅಳತೆ. ಇನ್‍ಸ್ಪೆಕ್ಟರು ಬಂದು ಮಕ್ಕಳನ್ನು ಕೇಳಿ, ತೇರ್ಗಡೆಯಾದವರ ಸಂಖ್ಯೆಗೆ ಅನುಸಾರವಾಗಿ ಉಪಾಧ್ಯಾಯನಿಗೆ ಹಣ. ವಿಚಾರ ಮಾಡಿ ನೋಡಿದರೆ ಇದೂ ಒಂದು ಚೌಪದವೇ! ಅಂಗಳದಲ್ಲಿ ಅಜ್ಜಿಯ ಮುಂದೆ ನಿಲ್ಲುವುದಕ್ಕೆ ಬದಲಾಗಿ ಘಟ್ಟದ ಕೆಳಗಿನಿಂದ ಬಂದ ಅಧಿಕಾರಿಯ ಮುಂದೆ ನಿಲ್ಲಬೇಕಾಯಿತು, ಅಷ್ಟೆ. ಆ ಅಧಿಕಾರಿ ಕಡಲೆಪುರಿ ಹಂಚಿದನೆಂದು ಯಾರೂ ಹೇಳಿಲ್ಲ. ಅನಂತರ ಜಿಲ್ಲಾ ಬೋರ್ಡಿನ ಶಾಲೆಗಳು ಹೆಚ್ಚಿದವು. ೧೯೨೦ರಲ್ಲಿ ಮದರಾಸಿನ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಲೇಬರ್ ಇಲಾಖೆ ಪ್ರತ್ಯೇಕ ಶಾಲೆಗಳನ್ನು ತೆರೆಯಿತು. ಮೈಸೂರು ಇದ್ದ ಬಾಗಿಲನ್ನು ತೆರೆಯ ಹೇಳಿದರೆ, ಮದರಾಸು ಬೇರೆ ಬಾಗಿಲನ್ನೂ ಕಟ್ಟಿಸಿತು. ಆಜ್ಞೆಗೂ ಆಚರಣೆಗೂ ನಡುವೆ ಎರಡು ಕಡೆಯೂ ಬೇಕಾದಷ್ಟು ದೂರವಿದ್ದಿತು.

ಹಬ್ಬದ ಮಾತಿಗೆ ಬಂದರೆ ಭೇದ ಇನ್ನೂ ಸ್ವಾರಸ್ಯವಾದುದು. ಯಳಂದೂರಿನ ಹುಡುಗನಿಗೆ ದಸರೆಯೆಂದರೆ ರಾಜ್ಯದ ಹಬ್ಬ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮೊದಲು ಮಾಡಿದ ಮಹೋತ್ಸವ ಮೈಸೂರಿಗೆ ಬಂದು, ಸಂಸ್ಥಾನದ ಶಾಲೆಗಳ ರಜೆಯೂ ಅದಕ್ಕೆ ಹೊಂದಿಕೊಂಡಿತ್ತು. ತನ್ನ ಊರಿನ ಜಹಗೀರುದಾರರ ಮನೆತನದ ಪಿ. ಎನ್. ಕೃಷ್ಣಮೂರ್ತಿಯವರು ೧೯೦೧ರಿಂದ ೧೯೦೬ರವರೆಗೆ ಮೈಸೂರಿನ ದಿವಾನರಾಗಿದ್ದುದರಿಂದ ಅರಮನೆ ಅವನಿಗೆ ದೂರದ್ದಾಗಿರಲಿಲ್ಲ. ಹೊಳೆಯ ಆಚೆಯ ಕೊಳ್ಳೇಗಾಲದ ಹುಡುಗನಿಗೆ ಅದೇ ಹತ್ತು ದಿನ ಮನೆಯ ಹಬ್ಬ, ಮಗ್ಗದ ಹಬ್ಬ. ದೇವಾಂಗದವರ ಮನೆಗಳಲ್ಲಿ ಆಯುಧಪೂಜೆಯ ದಿನ ಮಗ್ಗಕ್ಕೂ ಲಾಳಿಗೂ ಪೂಜೆ. ಅವನ ಸರ್ಕಾರ ಇದ್ದುದು ಮದರಾಸಿನಲ್ಲಿ, ಅದಕ್ಕೆ ಜಂಬೂಸವಾರಿಯಿರಲಿಲ್ಲ. ಆದರೂ ಜನ ಗಡಿಯನ್ನು ದಾಟಿ ಮೈಸೂರಿಗೆ ಹೋಗಿ ದಸರೆ ನೋಡುವುದಕ್ಕೆ ಯಾವ ಕಾಯಿದೆಯೂ ಅಡ್ಡವಿರಲಿಲ್ಲ. ನಾಡಿನ ಭಾವನೆಯನ್ನು ಪಠ್ಯಪುಸ್ತಕಕ್ಕಿಂತ ಹಬ್ಬವೇ ಹೆಚ್ಚಾಗಿ ಕಾಪಾಡಿತೆಂದು ನಾವು ಭಾವಿಸುತ್ತೇವೆ.

ಸಂಬಳ ಬಂದಮೇಲೆ ಚೌಪದ ಒಮ್ಮೆಗೇ ನಿಲ್ಲಲಿಲ್ಲ, ಅರ್ಥ ಬದಲಾಯಿತು. ಸಂಬಳದ ಉಪಾಧ್ಯಾಯ ಮನೆಮನೆಗೆ ಹೋಗಿ ಕೈಯೊಡ್ಡುವುದು ಅವನ ಅಂತಸ್ತಿಗೆ ಕುಂದೆಂಬ ಭಾವನೆ ಹುಟ್ಟಿತು. ಇದು ತಪ್ಪೆಂದು ಹೇಳಲಾರೆವು. ಹತ್ತು ಮನೆಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದವನಿಗೆ ಹನ್ನೊಂದನೆಯ ಮನೆಯ ಮಗುವನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ; ತಿಂಗಳ ಸಂಬಳ ಆ ಸ್ವಾತಂತ್ರ್ಯವನ್ನು ಕೊಟ್ಟಿತು. ಆದರೆ ಅದೇ ಸಂಬಳ ಉಪಾಧ್ಯಾಯನನ್ನು ವರ್ಗಾವಣೆಯ ಮನುಷ್ಯನನ್ನಾಗಿಯೂ ಮಾಡಿತು. ಅಂಗಳಗಳ ಪರಿಚಯವಾಗುವ ಹೊತ್ತಿಗೆ ಅವನಿಗೆ ಬೇರೆ ಊರು.

ಶರದೃತುವಿನಲ್ಲಿ ಮಕ್ಕಳನ್ನು ಶಾಲೆಯಿಂದ ಎಳೆಯುತ್ತಿದ್ದ ಮತ್ತೊಂದು ಕೈ ರೇಷ್ಮೆಯದು. ಮದರಾಸು ಆಧಿಪತ್ಯದಲ್ಲಿ ರೇಷ್ಮೆಹುಳು ಸಾಕುವುದಕ್ಕೆ ಹೆಸರಾಗಿದ್ದ ಮುಖ್ಯ ಸೀಮೆ ಕೊಳ್ಳೇಗಾಲವೇ. ಮಳೆ ಬಿದ್ದು ಹಿಪ್ಪುನೇರಳೆ ಚಿಗುರಿದಾಗ ಹುಳುಮನೆಗಳಲ್ಲಿ ಕೆಲಸ ಏರುತ್ತದೆ. ನಾಲ್ಕನೆಯ ಜ್ವರ ಕಳೆದ ಹುಳುವಿನ ಹಸಿವಿಗೆ ಹಗಲಿರುಳೆಂಬ ಭೇದವಿಲ್ಲ. ಸೊಪ್ಪು ತರುವುದು, ಹೆಚ್ಚುವುದು, ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಎಲ್ಲಕ್ಕೂ ಕೈ ಬೇಕು. ಚಿಕ್ಕ ಬೆರಳುಗಳು ಆ ಕೆಲಸಕ್ಕೆ ಹೇಳಿಮಾಡಿಸಿದಂತಹವು. ಹುಳು ಹಣ್ಣಾದ ವಾರದಲ್ಲಿ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಸಂದರ್ಭದಲ್ಲಿ ೧೯೫೩ರ ಒಂದು ಪ್ರಯೋಗವನ್ನು ನೆನೆಯಬೇಕು. ಆಗ ಮದರಾಸಿನ ಮುಖ್ಯಮಂತ್ರಿಯಾಗಿದ್ದ ಸಿ. ರಾಜಗೋಪಾಲಾಚಾರಿಯವರು ಗ್ರಾಮಗಳ ಪ್ರಾಥಮಿಕ ಶಾಲೆಗಳಿಗೆ ಪರಿಷ್ಕೃತ ಯೋಜನೆಯೊಂದನ್ನು ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿರಬೇಕು; ಮಿಕ್ಕ ಹೊತ್ತು ಮನೆಯವರ ಕಸುಬನ್ನು ಕಲಿಯಬೇಕು. ಎರಡು ಪಾಳಿ ನಡೆಸಿದರೆ ಅದೇ ಕಟ್ಟಡದಲ್ಲಿ ಇಮ್ಮಡಿ ಮಕ್ಕಳಿಗೆ ಕಲಿಸಬಹುದೆಂಬ ಲೆಕ್ಕವೂ ಅದರ ಹಿಂದಿತ್ತು. ಕಸುಬು ಎಂಬುದು ನಮ್ಮ ದೇಶದಲ್ಲಿ ಕುಲದ ಹೆಸರೇ ಆಗಿರುವುದರಿಂದ, ಇದು ಕುಲವಿದ್ಯೆಯ ಯೋಜನೆಯೆಂದು ತೀವ್ರವಾದ ವ್ಯತಿರೇಕ ಹುಟ್ಟಿತು. ೧೯೫೪ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ಕೊಳ್ಳೇಗಾಲದ ಸೀಮೆ ಆಗ ಮದರಾಸು ರಾಜ್ಯದಲ್ಲಿದ್ದಿತು; ಯಳಂದೂರು ಇರಲಿಲ್ಲ. ಆ ಯೋಜನೆಯ ಆಯುಸ್ಸಿನಲ್ಲಿ ಬಂದ ಮಹಾನವಮಿ ಒಂದೇ ಒಂದು. ಆಯುಧಪೂಜೆಯ ದಿನ ಮಗ್ಗದ ಮುಂದೆಯೂ ಪುಸ್ತಕದ ಮುಂದೆಯೂ ಒಂದೇ ಕೈಯಿಂದ ಕುಂಕುಮವಿಡುವ ಸಮಾಜದಲ್ಲಿ ಕಸುಬನ್ನೂ ಓದನ್ನೂ ಕೂಡಿಸುವ ಮಾತು ಮೊದಲ ನೋಟಕ್ಕೆ ಸಹಜವೆಂದು ತೋರಬಹುದು. ಆದರೆ ಮಗ್ಗದವನ ಮಗನಿಗೆ ಮಗ್ಗ, ಜೀತದವನ ಮಗನಿಗೆ ಜೀತ ಎಂದು ಸರ್ಕಾರವೇ ವೇಳಾಪಟ್ಟಿ ಬರೆದಂತಾಗುವುದಿಲ್ಲವೆ ಎಂಬ ಆಕ್ಷೇಪಣೆಗೆ ನಮಗೆ ಉತ್ತರ ಕಾಣುವುದಿಲ್ಲ. ಹಬ್ಬದಲ್ಲಿ ಕಸುಬಿಗೆ ಕೈಮುಗಿಯುವುದು ಬೇರೆ. ಮಗುವನ್ನು ಅದಕ್ಕೆ ಕಟ್ಟಿಹಾಕುವುದು ಬೇರೆ.

ಹನೂರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕೊಳ್ಳೇಗಾಲದಿಂದ ದಕ್ಷಿಣಪೂರ್ವಕ್ಕೆ ಹೋದಂತೆ ಊರುಗಳ ನಡುವಣ ಅಂತರ ಹೆಚ್ಚುತ್ತದೆ, ಬಯಲು ಹೋಗಿ ಬೆಟ್ಟ ಬರುತ್ತದೆ. ಹತ್ತು ಮಕ್ಕಳನ್ನು ಒಂದು ಜಗುಲಿಗೆ ಕೂಡಿಸುವುದೇ ಅಲ್ಲಿ ಕಷ್ಟ. ಆ ಕಡೆಯವರಿಗೆ ಶರದೃತುವಿನ ದೊಡ್ಡ ಹಬ್ಬಗಳೆಂದರೆ ಮಲೆಯ ಮಹದೇಶ್ವರನ ಬೆಟ್ಟದ ಮಹಾಲಯ ಅಮಾವಾಸ್ಯೆ ಮತ್ತು ದೀಪಾವಳಿಯ ಜಾತ್ರೆಗಳು. ದೀಪಾವಳಿಯಲ್ಲಿ ಬೇಡಗಂಪಣ ಮನೆತನಗಳ ಹೆಣ್ಣುಮಕ್ಕಳು ಹಳ್ಳದಿಂದ ಹಾಲರವಿಯ ಕುಂಭಗಳನ್ನು ಹೊತ್ತು ಸಾಲಾಗಿ ಬರುತ್ತಾರೆ. ಬಯಲಿನ ಮಠದ ಚೌಪದದಲ್ಲಿ ಹೆಣ್ಣುಮಕ್ಕಳಿಗೆ ಎಡೆಯಿರಲಿಲ್ಲವೆಂದು ಮೇಲೆ ಹೇಳಿದೆವು. ಬೆಟ್ಟದ ಮೇಲಿನ ಶರತ್ಕಾಲದ ಮೆರವಣಿಗೆ ಅವರಿಲ್ಲದೆ ಹೊರಡುವುದೇ ಇಲ್ಲ. ಮಕ್ಕಳು ಊರಿನ ಪರವಾಗಿ ದೇವರ ಮುಂದೆ ನಡೆಯುವ ಪದ್ಧತಿ ಶಾಲೆಯಿಲ್ಲದ ಕಡೆಯೂ ಉಂಟೆಂಬುದಕ್ಕೆ ಇದು ನಿದರ್ಶನ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಶಾಲೆ ತಲುಪಿದ್ದು ಬಹಳ ತಡವಾಗಿ. ೧೯೮೧ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿತವಾಗಿ ಗಿರಿಜನರ ಮಕ್ಕಳಿಗಾಗಿ ಶಾಲೆಯನ್ನು ನಡೆಸಿಕೊಂಡು ಬಂದುದು ಈ ಸೀಮೆಯ ಶಿಕ್ಷಣದ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಕೊನೆಯದಾಗಿ, ಈ ಸೀಮೆಯ ಒಂದು ಶರದೃತುವನ್ನು ತಿಥಿಸಹಿತವಾಗಿ ನೋಡೋಣ. ಅದು ೧೯೫೬ನೆಯ ವರ್ಷದ್ದು. ಆ ವರ್ಷ ವಿಜಯದಶಮಿ ಬಿದ್ದುದು ಅಕ್ಟೋಬರ್ ೧೪ರಂದು. ನಾಗಪುರದಲ್ಲಿ ಡಾ. ಅಂಬೇಡ್ಕರರು ಬೌದ್ಧಧರ್ಮವನ್ನು ಸ್ವೀಕರಿಸಿದ್ದು ಆ ದಿನವೇ. ನಾವು ಮೇಲೆ ಹೇಳಿದ ಕೇರಿಗಳ ಇತಿಹಾಸದಲ್ಲಿಯೂ ಅದು ದೊಡ್ಡ ದಿನ. ಆ ದಿನ ಪುಸ್ತಕವೆತ್ತಿ ಓದಿದ ಕೊಳ್ಳೇಗಾಲದ ಮಗು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ವಿದ್ಯಾರ್ಥಿ. ಹದಿನೆಂಟು ದಿನ ಕಳೆದು ನವೆಂಬರ್ ೧ ಬಂದಿತು. ರಾಜ್ಯಗಳ ಪುನರ್ವಿಂಗಡಣೆಯ ಕಾಯಿದೆಯಂತೆ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯದ ಮೈಸೂರು ಜಿಲ್ಲೆಗೆ ಸೇರಿತು. ದೀಪಾವಳಿಯ ಅಮಾವಾಸ್ಯೆ ಅದರ ಬೆನ್ನಿಗೇ ಬಂದಿತು. ಹೀಗೆ ಶಾಲೆಯ ವರ್ಷದ ನಡುವೆ, ಎರಡು ಹಬ್ಬಗಳ ಮಧ್ಯೆ, ಜಗುಲಿ ಕದಲದೆ ಸರ್ಕಾರ ಬದಲಾಯಿತು. ಮದರಾಸಿನ ಕ್ರಮದಲ್ಲಿ ಪ್ರಾಥಮಿಕ ಹಂತ ಐದು ತರಗತಿಗಳದು, ಹಳೆಯ ಮೈಸೂರಿನಲ್ಲಿ ನಾಲ್ಕರದು, ಪುಸ್ತಕಗಳೂ ಬೇರೆ. ಇವುಗಳನ್ನು ಹೊಂದಿಸಿಕೊಳ್ಳುವುದಕ್ಕೆ ಕೆಲವು ವರ್ಷ ಹಿಡಿಯಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ೧೯೬೧ರಲ್ಲಿ ಬಂದಾಗ ಯಳಂದೂರಿಗೂ ಕೊಳ್ಳೇಗಾಲಕ್ಕೂ ಹನೂರಿಗೂ ಮೊದಲ ಬಾರಿಗೆ ಶಾಲೆಯ ಕಾನೂನು ಒಂದಾಯಿತು.

ಇಂದು ಈ ಮೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಶರದೃತುವಿನ ದಿನಚರಿ ಬಹುಮಟ್ಟಿಗೆ ಒಂದೇ. ಅಕ್ಟೋಬರ್ ೨ರಂದು ಗಾಂಧಿ ಜಯಂತಿ, ದಸರೆಯ ರಜೆ, ಪ್ರತಿಭಾ ಕಾರಂಜಿಯ ಸ್ಪರ್ಧೆಗಳು, ನವೆಂಬರ್ ೧ರಂದು ರಾಜ್ಯೋತ್ಸವ, ೧೪ರಂದು ಮಕ್ಕಳ ದಿನ. ಬಿಸಿಯೂಟ ಸರ್ಕಾರದ್ದು, ೨೦೧೩ರಿಂದ ಕ್ಷೀರಭಾಗ್ಯದ ಹಾಲೂ ಉಂಟು. ಊರಿನ ತಂದೆತಾಯಿಗಳು ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ಕುಳಿತುಕೊಳ್ಳುತ್ತಾರೆ. ಯಾವ ಕೇರಿಯ ಮಗುವಾದರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಶಾಲೆಯನ್ನು ಹಳೆಯ ಅಯ್ಯನವರು ಕನಸಿನಲ್ಲಿಯೂ ಕಂಡಿರಲಾರರು. ಅಂಗಳಕ್ಕೆ ಬಂದು ನಿಲ್ಲುವ ಗುರುವನ್ನು ಈಗಿನ ಊರೂ ಕಂಡಿಲ್ಲ.

ರಾಜ್ಯೋತ್ಸವದ ಬಾವುಟ ಏರಿದಾಗ ಯಳಂದೂರಿನ ಮಕ್ಕಳಿಗೆ ಅದು ನಾಡು ದೊಡ್ಡದಾದ ದಿನ. ಅವರ ಊರು ಅಂದಿಗೂ ಮೈಸೂರಿನಲ್ಲಿಯೇ ಇತ್ತು. ಕೊಳ್ಳೇಗಾಲ ಹನೂರುಗಳ ಮಕ್ಕಳಿಗೆ ಅದು ಅಕ್ಷರಶಃ ತಮ್ಮ ಊರು ಕನ್ನಡ ರಾಜ್ಯಕ್ಕೆ ಬಂದ ದಿನ. ಒಂದೇ ಮೆರವಣಿಗೆ, ಒಂದೇ ಹಾಡು, ಕೊನೆಯಲ್ಲಿ ಹಂಚುವ ಸಿಹಿಯೂ ಒಂದೇ. ಮೆರವಣಿಗೆ ಬೀದಿಯಲ್ಲಿ ಹೋಗುವಾಗ ಮನೆಯವರು ಬಾಗಿಲಿಗೆ ಬಂದು ನಿಂತು, ಹಾಡುವ ಹುಡುಗರಲ್ಲಿ ತಮ್ಮವನು ಯಾರೆಂದು ನೋಡುತ್ತಾರೆ. ಈಗ ಹುಡುಗಿಯರೂ ಅದರಲ್ಲಿ ಇರುತ್ತಾರೆ.